ಹಚ್ಚೆ: ನಮ್ಮ ಅವ್ವಂದಿರ ಕೈ ಮೇಲಿನ ಚರಿತ್ರೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಮಕ್ಕಳಿಗೆ ಚರಿತ್ರೆ ಎಂದರೆ ಥಟ್ಟನೆ ನೆನಪಾಗುವುದು ಗದ್ವಾಲದ ಮಣ್ಣಿನ ಕೋಟೆ, ಬಾದಾಮಿ ಚಾಲುಕ್ಯರು ಕಟ್ಟಿಸಿದ ಆಲಂಪುರದ ಗುಡಿಗಳು, ಕೃಷ್ಣೆಯ ಸೇತುವೆ. ಇವೆಲ್ಲ ನಿಜಕ್ಕೂ ದೊಡ್ಡ ಚರಿತ್ರೆಯೇ. ಆದರೆ ಇವುಗಳನ್ನು ನೋಡಲು ಬಸ್ಸು ಹತ್ತಿ ಹೋಗಬೇಕು. ಬಸ್ಸು ಹತ್ತದೆ, ಮನೆಯ ಪಡಸಾಲೆಯಲ್ಲೇ ಓದಬಹುದಾದ ಒಂದು ಚರಿತ್ರೆ ನಮ್ಮಲ್ಲಿದೆ. ಅದು ಅರವತ್ತು ದಾಟಿದ ನಮ್ಮ ಅವ್ವಂದಿರ, ಅಜ್ಜಿಯರ ಮುಂಗೈ ಮೇಲಿದೆ. ಅದೇ ಹಚ್ಚೆ.

ಈ ಹಚ್ಚೆಯ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪಾಠವೂ ಇಲ್ಲ. ನಾರಾಯಣಪೇಟೆಯ ಸೀರೆಗೆ, ಗದ್ವಾಲದ ಸೀರೆಗೆ ಸರ್ಕಾರದ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸೀರೆ ಉಟ್ಟ ಕೈಯ ಮೇಲಿನ ಚಿತ್ತಾರಕ್ಕೆ ಯಾವ ಮಾನ್ಯತೆಯೂ ಸಿಕ್ಕಿಲ್ಲ. ಸೀರೆಯನ್ನು ಪೆಟ್ಟಿಗೆಯಲ್ಲಿ ಎತ್ತಿಡಬಹುದು, ಮೊಮ್ಮಗಳಿಗೆ ಕೊಡಬಹುದು. ಹಚ್ಚೆಯನ್ನು ಹಾಗೆ ಎತ್ತಿಡಲು ಬರುವುದಿಲ್ಲ. ಅದು ಮನುಷ್ಯರ ಜೊತೆಗೇ ಹೋಗುತ್ತದೆ. ಆದ್ದರಿಂದ ಅದನ್ನು ಓದಬೇಕಾದ ಕಾಲ ಈಗಲೇ ಎಂಬುದು ಈ ಲೇಖನದ ಉದ್ದೇಶ.

ಪದದ ಒಳಗಿನ ಕಥೆ

ಮೊದಲು ಪದವನ್ನೇ ನೋಡೋಣ. ಪುಸ್ತಕದ ಕನ್ನಡದಲ್ಲಿ 'ಹಚ್ಚೆ'. ನಮ್ಮ ಕಡೆಯ ಮಾತಿನಲ್ಲಿ 'ಹಚ್ಚಿ' ಅಥವಾ 'ಹಚ್ಚಿ ಬೊಟ್ಟು'. ಪಕ್ಕದ ಮನೆಯ ತೆಲುಗಿನವರು 'ಪಚ್ಚಬೊಟ್ಟು' ಎನ್ನುತ್ತಾರೆ. ತಮಿಳಿನಲ್ಲಿಯೂ 'ಪಚ್ಚೈ' ಎಂಬ ಮಾತೇ ಇದೆ. ಈ ಮೂರರ ಬೇರು ಒಂದೇ. ಪಚ್ಚೆ ಎಂದರೆ ಹಸಿರು. ಹಳಗನ್ನಡದಲ್ಲಿ ಪದದ ಮೊದಲಿಗೆ ಇದ್ದ 'ಪ' ಅಕ್ಷರ ಮುಂದೆ 'ಹ' ಆಯಿತು. ಹತ್ತನೆಯ ಶತಮಾನದ ಆಸುಪಾಸಿನಲ್ಲಿ ಶುರುವಾದ ಈ ಬದಲಾವಣೆ ನಡುಗನ್ನಡದ ಕಾಲಕ್ಕೆ ಪೂರ್ತಿ ನೆಲೆ ನಿಂತಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಚ್ಚೆ ಹಚ್ಚೆಯಾಯಿತು. ತೆಲುಗಿನಲ್ಲಿ ಈ ಬದಲಾವಣೆ ಆಗಲಿಲ್ಲ. ಅಲ್ಲಿ ಇಂದಿಗೂ ಪಾಲು, ಪುಲಿ, ಪುವ್ವು, ಪಚ್ಚ.

ನಮ್ಮ ಶಾಲೆಗಳ ಮಕ್ಕಳಿಗೆ ಈ ಪಾಠ ಬಹಳ ಸುಲಭ. ಅವರು ಮನೆಯಲ್ಲಿ ಒಂದು, ಓಣಿಯಲ್ಲಿ ಒಂದು ಭಾಷೆ ಆಡುವವರು. ಬೆಂಗಳೂರಿನ ಮಗು ವ್ಯಾಕರಣದ ಪುಸ್ತಕದಲ್ಲಿ ಬಾಯಿಪಾಠ ಮಾಡುವ ಸೂತ್ರವನ್ನು ನಮ್ಮ ಮಕ್ತಲ್ ಮಗು ಅಂಗಡಿಗೆ ಹಾಲು ತರಲು ಹೋದಾಗಲೇ ಕಲಿತುಬಿಡುತ್ತದೆ. ಗಡಿಯಲ್ಲಿ ಇರುವುದರಿಂದ ಕಷ್ಟಗಳು ಬಹಳ ಇವೆ, ಆದರೆ ಇಂಥ ಲಾಭಗಳೂ ಇವೆ.

ಇನ್ನೂ ಒಂದು ಸಂಗತಿ. ನಾರಾಯಣಪೇಟೆಯಲ್ಲಿ ಮರಾಠಿ ಮಾತನಾಡುವ ಮನೆಗಳಿವೆ. ಅವರು ಇದನ್ನು 'ಗೋಂದಣ' ಎನ್ನುತ್ತಾರೆ. ಉರ್ದು, ಹಿಂದಿಯವರು 'ಗೋದ್ನಾ' ಎನ್ನುತ್ತಾರೆ. ಗೋದ್ನಾ ಎಂದರೆ ಚುಚ್ಚುವುದು. ಅವರ ಪದ ಸೂಜಿಯ ಕಡೆಯಿಂದ ಬಂತು, ನಮ್ಮ ಪದ ಬಣ್ಣದ ಕಡೆಯಿಂದ ಬಂತು. ಒಂದೇ ಪೇಟೆಯಲ್ಲಿ ಒಂದೇ ಗುರುತಿಗೆ ನಾಲ್ಕು ಹೆಸರು!

ಹಾಕುತ್ತಿದ್ದವರು ಯಾರು, ಹೇಗೆ?

ಹಚ್ಚೆ ಹಾಕುವುದು ನಮ್ಮ ಕಡೆ ಹೆಚ್ಚಾಗಿ ಕೊರವರ ಹೆಣ್ಣುಮಕ್ಕಳ ಕೆಲಸವಾಗಿತ್ತು. ತೆಲುಗಿನಲ್ಲಿ ಇವರನ್ನು ಎರುಕಲ ಎನ್ನುತ್ತಾರೆ. ಎರುಕ ಎಂದರೆ ಅರಿವು, ತಿಳಿವಳಿಕೆ. ಕಣಿ ಹೇಳುವುದು, ಬುಟ್ಟಿ ಹೆಣೆಯುವುದು, ಹಚ್ಚೆ ಹಾಕುವುದು ಈ ಮೂರೂ ಅವರ ಕೈಯಲ್ಲಿದ್ದವು. ಸುಗ್ಗಿ ಮುಗಿದ ಮೇಲೆ ಊರೂರು ತಿರುಗುತ್ತಿದ್ದರು. ಜಾತ್ರೆಗಳಲ್ಲಿ ಮರದ ನೆರಳು ನೋಡಿ ಕೂಡುತ್ತಿದ್ದರು. ಮಕ್ತಲ್ ಪಡಮಟಿ ಆಂಜನೇಯನ ಜಾತ್ರೆ, ಗದ್ವಾಲದ ಹತ್ತಿರದ ಜಮ್ಮಿಚೇಡಿನ ಜಮ್ಮುಲಮ್ಮನ ಜಾತ್ರೆ, ಹೊಳೆಯಾಚೆ ದೇವಸೂಗೂರಿನ ಸೂಗೂರೇಶ್ವರನ ಜಾತ್ರೆ ಇಂಥ ಜನ ಸೇರುವ ಜಾಗಗಳೇ ಹಚ್ಚೆಯವರ ಸಂತೆ. ಕೂಲಿ ಎಂದರೆ ಒಂದಿಷ್ಟು ಜೋಳ, ಎಲೆ ಅಡಿಕೆ, ಹಳೆಯ ಸೀರೆ ಅಥವಾ ಕುಬಸ, ಮೇಲೆ ಚಿಲ್ಲರೆ ದುಡ್ಡು.

ಬಣ್ಣ ಹೇಗೆ ಮಾಡುತ್ತಿದ್ದರು ಎಂಬುದನ್ನು ಮದರಾಸು ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 20ನೆಯ ಶತಮಾನದ ಮೊದಲ ದಶಕದಲ್ಲಿ ವಿವರವಾಗಿ ಬರೆದಿಟ್ಟಿದ್ದಾನೆ. ಆತ ಹೇಳುವ ಕ್ರಮ ಹೀಗಿದೆ. ಅರಿಶಿನದ ಪುಡಿಯನ್ನೂ ಚೊಗಚೆ ಮರದ ಎಲೆಯನ್ನೂ ಕೂಡಿಸಿ ಅರೆಯಬೇಕು. ಚೊಗಚೆಯನ್ನು ಅಗಸೆ ಮರ ಎಂದೂ ಕರೆಯುತ್ತಾರೆ, ತೆಲುಗಿನಲ್ಲಿ ಅವಿಸೆ. ಹೊಲದಲ್ಲಿ ಬೆಳೆಯುವ ಎಣ್ಣೆಕಾಳಿನ ಅಗಸೆ ಬೇರೆ, ಇದು ಬೇರೆ. ಅರೆದದ್ದನ್ನು ತೆಳುವಾದ ಬಟ್ಟೆಗೆ ಸವರಿ ಬತ್ತಿಯಾಗಿ ಸುತ್ತಬೇಕು. ಆ ಬತ್ತಿಯನ್ನು ಔಡಲೆಣ್ಣೆಯ ದೀಪದಲ್ಲಿಟ್ಟು ಹೊತ್ತಿಸಿ, ಮೇಲೆ ಹೊಸ ಗಡಿಗೆಯನ್ನು ಬೋರಲು ಹಾಕಬೇಕು. ಗಡಿಗೆಯ ಒಳಮೈಗೆ ಹಿಡಿದ ಕಾಡಿಗೆಯನ್ನು ಕೆರೆದು, ನೀರಿನಲ್ಲೋ ಎದೆಹಾಲಿನಲ್ಲೋ ಕಲಸಬೇಕು. ಅಲ್ಲಿಗೆ ಹಚ್ಚೆಯ ಮಸಿ ಸಿದ್ಧ.

ಮೊದಲು ಕಡ್ಡಿಯಿಂದ ಚಿತ್ರ ಬರೆದುಕೊಂಡು, ಆಮೇಲೆ ಒಟ್ಟಿಗೆ ಕಟ್ಟಿದ ಸೂಜಿಗಳಿಂದ ಆ ಗೆರೆಯ ಮೇಲೆ ಚುಚ್ಚುತ್ತಾ ಹೋಗುತ್ತಿದ್ದರು. ಮಗು ಅತ್ತರೆ ಹಾಡು ಹೇಳುತ್ತಿದ್ದರು. ಮುಗಿದ ಮೇಲೆ ಅರಿಶಿನ, ಎಣ್ಣೆ ಹಚ್ಚುತ್ತಿದ್ದರು. ಕೆಲವು ದಿನ ಕೈ ಬಾತುಕೊಳ್ಳುತ್ತಿತ್ತು, ಹೊಕ್ಕಳಿಕೆ ಉದುರಿದ ಮೇಲೆ ಹಸಿರು ಗೆರೆ ಎದ್ದು ಕಾಣುತ್ತಿತ್ತು.

ಕರಿ ಮಸಿ ಹಸಿರಾದದ್ದು ಹೇಗೆ?

ಇಲ್ಲಿ ವಿಜ್ಞಾನದ ಪಾಠವೂ ಇದೆ. ಬಳಸಿದ್ದು ಕಾಡಿಗೆ, ಅಂದರೆ ಇಂಗಾಲ. ಅದು ಕರಿಬಣ್ಣದ್ದು. ಆದರೆ ಕಾಣುವುದು ಹಸಿರು, ನೀಲಿ ಬೆರೆತ ಬಣ್ಣ. ನಮ್ಮ ಚರ್ಮಕ್ಕೆ ಮೇಲೊಂದು ಪದರ, ಅದರ ಕೆಳಗೆ ಇನ್ನೊಂದು ಪದರ. ಮೇಲಿನ ಪದರ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಅದಕ್ಕೇ ಮದರಂಗಿ ಕೆಲವು ವಾರಗಳಲ್ಲಿ ಮಾಸುತ್ತದೆ. ಹಚ್ಚೆಯ ಮಸಿ ಕೆಳಗಿನ ಪದರಕ್ಕೆ ಇಳಿದಿರುತ್ತದೆ. ಅದರ ಮೇಲೆ ಬಿದ್ದ ಬೆಳಕು ಚರ್ಮದೊಳಗೆ ಚದುರಿ ಹೊರಗೆ ಬರುವಾಗ ಕರಿ ಬಣ್ಣ ನಮ್ಮ ಕಣ್ಣಿಗೆ ನೀಲಿ-ಹಸಿರಾಗಿ ಕಾಣುತ್ತದೆ.

ಹಾಗಾದರೆ ಅದು ಅರವತ್ತು ಎಪ್ಪತ್ತು ವರ್ಷ ಹೇಗೆ ನಿಲ್ಲುತ್ತದೆ? ನಮ್ಮ ಮೈಯಲ್ಲಿ ಹೊರಗಿನ ಕಸವನ್ನು ನುಂಗುವ ರಕ್ಷಕ ಕಣಗಳಿವೆ. ಅವು ಮಸಿಯ ಹರಳುಗಳನ್ನು ನುಂಗಿಕೊಂಡು ಅಲ್ಲೇ ಕೂಡುತ್ತವೆ. ಆ ಕಣ ಸತ್ತಾಗ ಮಸಿ ಹೊರಗೆ ಬೀಳುತ್ತದೆ, ಪಕ್ಕದಲ್ಲಿ ಹೊಸದಾಗಿ ಬಂದ ಕಣ ಅದನ್ನು ಮತ್ತೆ ನುಂಗಿಕೊಳ್ಳುತ್ತದೆ. 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿಕೊಟ್ಟರು. ಅಂದರೆ ಅಜ್ಜಿಯ ಕೈಮೇಲಿನ ನವಿಲು ಸುಮ್ಮನೆ ಕೂತಿಲ್ಲ, ಹಳೆಯ ಕಣ ಹೊಸ ಕಣಕ್ಕೆ ಒಪ್ಪಿಸುತ್ತಾ ಬಂದಿದೆ. ಗೆರೆ ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪ ಹರಡಿ ಮಬ್ಬಾಗುವುದು ಮಾತ್ರ ನಿಜ.

ಯಾವ ಚಿತ್ರ, ಏನು ಅರ್ಥ?

ಎಲ್ಲಕ್ಕಿಂತ ಸರಳವಾದದ್ದು ಚುಕ್ಕಿ. ಹುಬ್ಬಿನ ನಡುವೆ ಒಂದು, ಗಲ್ಲದ ಮೇಲೆ ಒಂದು, ಕೆನ್ನೆಯ ಮೇಲೆ ಒಂದು. ಇದು ದೃಷ್ಟಿ ತಾಗದಿರಲಿ ಎಂದು. ಮುಂಗೈ ಮೇಲೆ ಚೇಳು, ಹಾವು ಬರೆಸಿಕೊಂಡವರಿದ್ದಾರೆ. ಹೊಲದಲ್ಲಿ, ಬಣವೆಯ ಕೆಳಗೆ ದಿನವೂ ಕೈ ಹಾಕುವ ಜನ ಇವರು. ಮೈಮೇಲೆ ಚೇಳಿದ್ದರೆ ಚೇಳು ಕುಟುಕುವುದಿಲ್ಲ ಎಂಬ ನಂಬಿಕೆ ಎಲ್ಲಿಂದ ಬಂತು ಎಂಬುದು ಇದರಿಂದಲೇ ತಿಳಿಯುತ್ತದೆ. ಚೇಳು ಕುಟುಕುವುದು ಅದರಿಂದ ನಿಲ್ಲಲಿಲ್ಲ, ಆದರೆ ಅಂಜಿಕೆ ಸ್ವಲ್ಪ ಕಡಿಮೆಯಾಗಿರಬೇಕು.

ತುಳಸಿ ಕಟ್ಟೆ, ತೊಟ್ಟಿಲು, ನವಿಲು, ಹೂಬಳ್ಳಿ, ಸೂರ್ಯ ಚಂದ್ರ ಇವು ಮನೆ ಮತ್ತು ಮುತ್ತೈದೆತನದ ಚಿತ್ರಗಳು. ತೊಟ್ಟಿಲು ಎಂದರೆ ಮಕ್ಕಳ ಫಲ. ಇವನ್ನೇ ನಾವು ಮನೆಯ ಮುಂದಿನ ರಂಗೋಲಿಯಲ್ಲಿ, ಕೌದಿಯ ಹೊಲಿಗೆಯಲ್ಲಿ ನೋಡುತ್ತೇವೆ. ಅಂಗಳಕ್ಕೆ ಹಾಕಿದ ರಂಗೋಲಿ ಸಂಜೆಗೆ ಅಳಿಯುತ್ತದೆ, ಕೌದಿ ಕೆಲವು ವರ್ಷಕ್ಕೆ ಹರಿಯುತ್ತದೆ, ಮೈಮೇಲಿನದು ಉಳಿಯುತ್ತದೆ. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಲ್ಲಿಯೂ ಹಚ್ಚೆ ಇದೆ. ಕೈ, ಗಲ್ಲಗಳ ಮೇಲಿನ ಅವರ ಚುಕ್ಕಿಗಳ ಸಾಲು ಅವರದೇ ಆದ ರೀತಿಯದು.

ಇದಕ್ಕೆಲ್ಲ ಮೇಲೆ ಒಂದು ದೊಡ್ಡ ನಂಬಿಕೆಯಿದೆ. 'ಸತ್ತ ಮ್ಯಾಲ ಮೈಮ್ಯಾಲಿನ ಬಂಗಾರ ಬಿಚ್ಚಿಕೋತಾರ, ಹಚ್ಚಿ ಬಿಚ್ಚಿಕೊಳ್ಳಾಕ ಯಾರಿಗೂ ಬರಾಂಗಿಲ್ಲ' ಎಂದು ಹಳೆಯ ಹೆಣ್ಣುಮಕ್ಕಳು ಹೇಳುತ್ತಾರೆ. ಹೆಚ್ಚು ಕಡಿಮೆ ಇದೇ ಮಾತು ಭಾರತದ ಅನೇಕ ಭಾಗಗಳಲ್ಲಿದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಮುನ್ನ ಸ್ವಲ್ಪ ಯೋಚಿಸೋಣ. ಹೊಲ ಗಂಡನ ಹೆಸರಿನಲ್ಲಿ, ಮನೆ ಮಾವನ ಹೆಸರಿನಲ್ಲಿ, ಬಂಗಾರ ಇದ್ದರೆ ಅದು ಸಾಲಕ್ಕೆ ಒತ್ತೆ. ತನ್ನದು ಎಂದು ಹೇಳಿಕೊಳ್ಳಲು ಆಕೆಗೆ ಏನಿತ್ತು? ಯಾರೂ ಕಸಿದುಕೊಳ್ಳಲಾಗದ, ಮಾರಲಾಗದ, ಒತ್ತೆ ಇಡಲಾಗದ ಒಡವೆ ಎಂದರೆ ಈ ಹಸಿರು ಗೆರೆ ಒಂದೇ. ಹಚ್ಚೆಯನ್ನು 'ಬಡವರ ಒಡವೆ' ಎಂದರೆ ಸಾಲದು. ಆಸ್ತಿಯ ಹಕ್ಕು ಇಲ್ಲದವರ ಆಸ್ತಿ ಎಂದರೆ ಸರಿಯಾದೀತು.

ಕೈ ಮೇಲೆ ಬರೆದ ಹೆಸರು

ಹಚ್ಚೆಗಳಲ್ಲಿ ನಮ್ಮಂಥ ಮೇಷ್ಟ್ರುಗಳ ಕಣ್ಣು ಮೊದಲು ಹೋಗುವುದು ಅಕ್ಷರಗಳ ಕಡೆಗೆ. ಎಷ್ಟೋ ಮಂದಿ ಕೈ ಮೇಲೆ ಗಂಡನ ಹೆಸರು, ತವರಿನವರ ಹೆಸರು, ದೇವರ ಹೆಸರು ಬರೆಸಿಕೊಂಡಿದ್ದಾರೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂಬ ಪದ್ಧತಿ ಇದ್ದ ಕಾಲ ಅದು. ಮತದಾರರ ಪಟ್ಟಿಗೋ ರೇಷನ್ ಕಾರ್ಡಿಗೋ ಹೆಸರು ಕೇಳಿದರೆ ಕೈ ಮುಂದೆ ಚಾಚಬಹುದಿತ್ತು.

2011ರ ಜನಗಣತಿಯ ಲೆಕ್ಕ ತೆಗೆದುಕೊಂಡರೆ ಇಂದಿನ ಜೋಗುಳಾಂಬ ಗದ್ವಾಲ ಮತ್ತು ನಾರಾಯಣಪೇಟೆ ಜಿಲ್ಲೆಗಳಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 50 ಜನ ಮಾತ್ರ. ಹೆಣ್ಣುಮಕ್ಕಳ ಲೆಕ್ಕ ಅದಕ್ಕಿಂತ ಕಡಿಮೆ. ಅವರ ಅವ್ವಂದಿರ ಕಾಲಕ್ಕೆ ಅದು ಇನ್ನೂ ಎಷ್ಟು ಕೆಳಗಿತ್ತು ಎಂಬುದನ್ನು ಊಹಿಸಬಹುದು. ಅಕ್ಷರ ಓದಲು ಬಾರದ ಹೆಣ್ಣುಮಗಳು ಅಕ್ಷರವನ್ನು ಮೈಮೇಲೆ ಹೊತ್ತು ನಡೆದಳು. ಬರೆಸಿದವಳಿಗೂ ಓದಲು ಬಾರದು, ಚುಚ್ಚಿದವಳಿಗೂ ಓದಲು ಬಾರದು. ಊರಿನಲ್ಲಿ ಓದು ಬಲ್ಲ ಯಾರೋ ಒಬ್ಬರು ಬರೆದು ಕೊಟ್ಟದ್ದನ್ನು ನೋಡಿ ಚಿತ್ರದಂತೆ ಚುಚ್ಚಿದ್ದು. ಅದಕ್ಕೇ ಕೆಲವೊಮ್ಮೆ ಒತ್ತಕ್ಷರ ಜಾರಿರುತ್ತದೆ, ದೀರ್ಘ ಬಿಟ್ಟುಹೋಗಿರುತ್ತದೆ. ಅದನ್ನು ನೋಡಿ ನಗಬಾರದು.

ಆ ಅಕ್ಷರ ಕನ್ನಡವೋ ತೆಲುಗೋ? ಇದು ಮಕ್ಕಳಿಗೆ ಒಳ್ಳೆಯ ಆಟ. ಎರಡೂ ಲಿಪಿಗಳು ಒಂದೇ ತಾಯಿಯ ಮಕ್ಕಳು, ಅಚ್ಚಿನ ಮೊಳೆಗಳು ಬಂದ ಮೇಲೆ ಅವುಗಳ ರೂಪ ಇನ್ನಷ್ಟು ಗಟ್ಟಿಯಾಗಿ ಬೇರೆಯಾಯಿತು. ಕನ್ನಡದ ತಲಕಟ್ಟು ಅಡ್ಡಗೆರೆಯಂತಿದ್ದರೆ ತೆಲುಗಿನದು ಸರಿ ಗುರುತಿನಂತೆ ಮೇಲೇಳುತ್ತದೆ. ಆದರೆ ಹಚ್ಚೆ ಹಳೆಯದಾಗಿ ಗೆರೆ ಹರಡಿದ ಮೇಲೆ ಈ ಸಣ್ಣ ವ್ಯತ್ಯಾಸ ಮಬ್ಬಾಗಿಬಿಡುತ್ತದೆ. 'ರಾಮ' ಎಂದು ಬರೆದಿದ್ದರೆ ಕನ್ನಡದವರು ಕನ್ನಡ ಎಂದು ಓದುತ್ತಾರೆ, ತೆಲುಗಿನವರು ತೆಲುಗು ಎಂದು ಓದುತ್ತಾರೆ. ಎರಡೂ ಸರಿಯೇ.

ಗಡಿ ದಾಟಿದ ಕೈಗಳು

1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದವು. ಅಲ್ಲಿಯತನಕ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ, ಮಹಬೂಬನಗರ ಜಿಲ್ಲೆಗೆ ಬಂದವು. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳೂ ಹೀಗೆಯೇ ಬಂದವು. ಉಳಿದ ರಾಯಚೂರು, ಗುಲ್ಬರ್ಗಾ ಮೈಸೂರು ರಾಜ್ಯಕ್ಕೆ ಹೋದವು. 2014ರ ಜೂನ್ 2ರಿಂದ ನಾವು ತೆಲಂಗಾಣದವರು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆ ಆಯಿತು. ಹೀಗೆ ಮನೆ ಬದಲಿಸದೆಯೇ ನಮ್ಮ ಹಿರಿಯರ ವಿಳಾಸ ಹಲವು ಸಲ ಬದಲಾಗಿದೆ.

ವಿಳಾಸ ಬದಲಾದರೆ ಕಾಗದವೂ ಬದಲಾಗುತ್ತದೆ. ಹಚ್ಚೆ ಹಾಕುತ್ತಿದ್ದ ಎರುಕಲರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಅವರದೇ ಬಳಗದ ಕೊರಮ, ಕೊರಚರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಲಂಬಾಣಿಗರು ತೆಲಂಗಾಣ ಭಾಗದಲ್ಲಿ 1976ರ ಕಾಯ್ದೆಯಿಂದ ಪರಿಶಿಷ್ಟ ಪಂಗಡಕ್ಕೆ ಸೇರಿದರು, ಹೊಳೆಯಾಚೆ ಕರ್ನಾಟಕದಲ್ಲಿ ಅವರೇ ಪರಿಶಿಷ್ಟ ಜಾತಿ. ಅಕ್ಕ ತಂಗಿಯರಿಬ್ಬರು ಗಡಿಯ ಆಚೆ ಈಚೆ ಮದುವೆಯಾದರೆ ಅವರ ಮಕ್ಕಳ ಜಾತಿ ಪ್ರಮಾಣಪತ್ರಗಳು ಬೇರೆ ಬೇರೆ. ಅಕ್ಕನ ಕೈಯ ಹಚ್ಚೆ, ತಂಗಿಯ ಕೈಯ ಹಚ್ಚೆ ಮಾತ್ರ ಒಂದೇ. ರಾಯಚೂರು ಕಡೆಯ ಅಜ್ಜಿಯ ಮುಂಗೈಯನ್ನೂ ಮಕ್ತಲ್ ಕಡೆಯ ಅಜ್ಜಿಯ ಮುಂಗೈಯನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಗಡಿ ಎಲ್ಲಿದೆ ಎಂದು ಹೇಳಲು ಬರುವುದಿಲ್ಲ.

ನೋವಿನ ಮುಖ

ಹಚ್ಚೆಯನ್ನು ಹೊಗಳಿ ಸುಮ್ಮನಾಗುವುದು ಸರಿಯಲ್ಲ. ಅದಕ್ಕೆ ನೋವಿನ ಮುಖವೂ ಇದೆ.

ಮೊದಲನೆಯದು, ಹಚ್ಚೆ ಹಾಕಿದ್ದು ಹೆಚ್ಚಾಗಿ ಸಣ್ಣ ಹುಡುಗಿಯರಿಗೆ. ಮದುವೆಗೆ ಮುಂಚೆ, ಎಷ್ಟೋ ಸಲ ಏಳೆಂಟು ವರ್ಷಕ್ಕೇ. ಬೇಕೋ ಬೇಡವೋ ಎಂದು ಅವರನ್ನು ಯಾರೂ ಕೇಳಲಿಲ್ಲ. ಇಬ್ಬರು ಹಿಡಿದುಕೊಂಡು ಒಬ್ಬರು ಚುಚ್ಚಿದರು. ಇಂದು ನಮ್ಮ ಶಾಲೆಯ ಮಗುವಿಗೆ ಅದೇ ಆದರೆ ನಾವು ಸುಮ್ಮನಿರುವುದಿಲ್ಲ.

ಎರಡನೆಯದು, ದೇವರ ಹೆಸರಿನ ಮುದ್ರೆ. ಮಂತ್ರಾಲಯದಂಥ ಮಾಧ್ವ ಮಠಗಳಲ್ಲಿ ಆಷಾಢದ ಪ್ರಥಮ ಏಕಾದಶಿಗೆ ಕಾಯಿಸಿದ ಶಂಖ ಚಕ್ರಗಳ ಮುದ್ರೆ ಹಾಕಿಸಿಕೊಳ್ಳುವ ಪದ್ಧತಿ ಇದೆ. ಅದು ಭಕ್ತರು ತಾವಾಗಿ ಸಾಲಿನಲ್ಲಿ ನಿಂತು ಪಡೆಯುವುದು, ಗುರುತು ಕೆಲವು ದಿನಕ್ಕೆ ಮಾಯುತ್ತದೆ. ಆದರೆ ಬಳ್ಳಾರಿ ಸೀಮೆಯಲ್ಲಿ ಹೆಣ್ಣುಮಗುವನ್ನು ಬಸವಿ ಬಿಡುವಾಗ ಭುಜಕ್ಕೆ, ಎದೆಗೆ ಕಾಯಿಸಿದ ಮುದ್ರೆ ಒತ್ತುತ್ತಿದ್ದ ವಿವರವೂ ಥರ್ಸ್ಟನ್‌ನ ಗ್ರಂಥದಲ್ಲಿದೆ. ಅದು ಆ ಮಗುವಿನ ಇಡೀ ಬದುಕನ್ನು ಕಟ್ಟಿಹಾಕುವ ಗುರುತು. ನಮ್ಮ ಸೀಮೆಯಲ್ಲಿ ಇದರ ತಂಗಿಯಂಥ ಜೋಗಿನಿ ಪದ್ಧತಿ ಬಹಳ ಮನೆಗಳನ್ನು ಹಾಳು ಮಾಡಿದೆ. ಕರ್ನಾಟಕದಲ್ಲಿ 1982ರ ಕಾಯ್ದೆ, ಆಂಧ್ರಪ್ರದೇಶದಲ್ಲಿ 1988ರ ಕಾಯ್ದೆ ಇದನ್ನು ನಿಷೇಧಿಸಿದವು. ಮೈಮೇಲಿನ ಗುರುತು ಯಾವಾಗ ಒಡವೆ, ಯಾವಾಗ ಬೇಡಿ ಎಂಬುದು ಗುರುತಿನಿಂದ ತೀರ್ಮಾನವಾಗುವುದಿಲ್ಲ, ಅದನ್ನು ಹಾಕಿದವರ ಮನಸ್ಸಿನಿಂದ ತೀರ್ಮಾನವಾಗುತ್ತದೆ.

ಮೂರನೆಯದು, ಸರ್ಕಾರವೇ ಹಾಕಿದ ಹಚ್ಚೆ. ಈಸ್ಟ್ ಇಂಡಿಯಾ ಕಂಪನಿ 1797ರಲ್ಲಿ ಬಂಗಾಳದಲ್ಲಿ ಒಂದು ಕಾನೂನು ತಂದಿತು. ಜೀವಾವಧಿ ಶಿಕ್ಷೆಯಾದ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಗೋದ್ನಾ ರೀತಿಯಲ್ಲಿ ಚುಚ್ಚಿ ಬರೆಯಬೇಕು ಎಂದು. ನಮ್ಮ ಹೆಣ್ಣುಮಕ್ಕಳು ಅಂದಕ್ಕೂ ರಕ್ಷಣೆಗೂ ಬಳಸಿದ ಕಲೆಯನ್ನು ಕಂಪನಿ ಅವಮಾನಕ್ಕೆ ಬಳಸಿತು. ಈ ಪದ್ಧತಿ 1849ರಲ್ಲಿ ನಿಂತಿತು.

ನಾಲ್ಕನೆಯದು, ಸೂಜಿ ಹಿಡಿದವರಿಗೆ ಬಿದ್ದ ಗುರುತು. ಕೊರವರು, ಎರುಕಲರು ಹಿಂದೆ ಎತ್ತು ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ವ್ಯಾಪಾರ ಮಾಡುತ್ತಿದ್ದ ಜನ. ರೈಲು ಬಂದ ಮೇಲೆ ಆ ವ್ಯಾಪಾರ ಕೆಟ್ಟಿತು. ಬೊಂಬಾಯಿ ಕಡೆಯ ರೈಲು ಮತ್ತು ಮದರಾಸು ಕಡೆಯ ರೈಲು ನಮ್ಮ ಪಕ್ಕದ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಅದೇ 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮೊದಲು ಉತ್ತರ ಭಾರತದಲ್ಲಿದ್ದ ಅದು 1911ರ ಹೊಸ ಕಾಯ್ದೆಯಿಂದ ಮದರಾಸು ಪ್ರಾಂತಕ್ಕೂ ಬಂತು. ಹುಟ್ಟಿನಿಂದಲೇ ಕಳ್ಳರು ಎಂದು ಇಡೀ ಸಮುದಾಯಗಳನ್ನು ಪಟ್ಟಿ ಮಾಡಿದರು. ಊರು ಬಿಟ್ಟು ಹೋಗಲು ಅಪ್ಪಣೆ ಬೇಕು, ಠಾಣೆಗೆ ಹಾಜರಿ ಹಾಕಬೇಕು. ಆಂಧ್ರದ ಸ್ಟುವರ್ಟ್‌ಪುರಂ, ಕರ್ನಾಟಕದ ಹುಬ್ಬಳ್ಳಿ ಇಂಥ ಕಡೆ ಅವರಿಗಾಗಿ ಸೆಟ್ಲ್‌ಮೆಂಟ್‌ಗಳನ್ನು ಮಾಡಿದರು. ಆ ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರ ಆಗಸ್ಟ್ 31ರಂದು.

ನಮ್ಮ ಸೀಮೆ ನಿಜಾಮರ ರಾಜ್ಯದಲ್ಲಿತ್ತು, ಬ್ರಿಟಿಷರ ಕಾಯ್ದೆ ಇಲ್ಲಿ ನೇರವಾಗಿ ನಡೆಯುತ್ತಿರಲಿಲ್ಲ. ಆದರೆ ಅನುಮಾನದ ಕಣ್ಣು ಗಡಿ ದಾಟಿ ಬರುವುದಕ್ಕೆ ಕಾಯ್ದೆಯೇ ಬೇಕಾಗಿರಲಿಲ್ಲ. ಮೈಮೇಲಿನ ಹಚ್ಚೆಯನ್ನು ಪ್ರೀತಿಸಿದ ಊರು, ಹಚ್ಚೆ ಹಾಕಿದವಳನ್ನು ಮನೆಯ ಹೊಸ್ತಿಲ ಹೊರಗೇ ಕೂರಿಸಿತು. ಈ ಮಾತನ್ನು ಹೇಳದೆ ಹಚ್ಚೆಯ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ಲೋಕದ ಬೇರೆ ಕಡೆ

ಹಚ್ಚೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1991ರಲ್ಲಿ ಯೂರೋಪಿನ ಆಲ್ಪ್ಸ್ ಪರ್ವತದ ಹಿಮದಲ್ಲಿ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಅವನಿಗೆ ಏಟ್ಸಿ ಎಂದು ಹೆಸರಿಟ್ಟಿದ್ದಾರೆ. ಅವನು ಬದುಕಿದ್ದು ಸುಮಾರು 5300 ವರ್ಷಗಳ ಹಿಂದೆ. ಅವನ ಮೈಮೇಲೆ 61 ಹಚ್ಚೆಗಳಿವೆ, ಹೆಚ್ಚಿನವು ಗೆರೆಗಳು. ಅವುಗಳಲ್ಲಿ ಬಹಳಷ್ಟು ಸೊಂಟ, ಮೊಣಕಾಲು, ಕಣಕಾಲುಗಳ ಹತ್ತಿರ, ಅಂದರೆ ಅವನ ಮೂಳೆ ಸವೆದಿದ್ದ ಕಡೆಗಳಲ್ಲಿ ಇವೆ. ನೋವಿಗೆ ಮದ್ದಾಗಿ ಹಾಕಿಸಿಕೊಂಡಿರಬಹುದು ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಕೀಲು ನೋವಿಗೆ ಚುಕ್ಕಿ ಹಾಕಿಸಿಕೊಳ್ಳುವುದು ನಮ್ಮ ದೇಶದ ಹಲವು ಕಡೆ ಇರುವ ಪದ್ಧತಿಯೇ. ಈಜಿಪ್ಟಿನ 5000 ವರ್ಷ ಹಳೆಯ ದೇಹಗಳ ಮೇಲೂ ಹಚ್ಚೆ ಇರುವುದನ್ನು 2018ರಲ್ಲಿ ಪ್ರಕಟಿಸಿದರು.

ಇಂಗ್ಲಿಷಿನ 'ಟ್ಯಾಟೂ' ಎಂಬ ಪದ ಇಂಗ್ಲಿಷಿನದೇ ಅಲ್ಲ. ಪೆಸಿಫಿಕ್ ಸಾಗರದ ದ್ವೀಪಗಳ 'ತತಾವು' ಎಂಬ ಪದ ಅದು. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ತಾಹಿತಿಗೆ ಹೋದಾಗ ಇಂಗ್ಲಿಷರು ಅದನ್ನು ಬರೆದುಕೊಂಡು ಬಂದರು. ಜಪಾನಿನಲ್ಲಿ 1872ರಲ್ಲಿ ಸರ್ಕಾರ ಹಚ್ಚೆಯನ್ನು ನಿಷೇಧಿಸಿತು, ಪರದೇಶದವರ ಮುಂದೆ ತಾವು ಅನಾಗರಿಕರಾಗಿ ಕಾಣಬಾರದು ಎಂಬ ಸಂಕೋಚ ಅದಕ್ಕೆ ಒಂದು ಕಾರಣ. ನಿಷೇಧ ಹೋದದ್ದು 1948ರಲ್ಲಿ. ಇಂಥ ಸಂಕೋಚ ನಮ್ಮಲ್ಲಿಯೂ ಬಂತು, ಕಾನೂನಿಲ್ಲದೆ ಬಂತು. ಪೇಟೆಗೆ ಹೋದ ಮಗಳು ತುಂಬು ತೋಳಿನ ಕುಬಸ ಹಾಕಿಕೊಂಡಳು. ಹಣೆಯ ಹಚ್ಚೆಯ ಮೇಲೆ ದೊಡ್ಡ ಕುಂಕುಮ ಇಟ್ಟುಕೊಂಡಳು. ತನ್ನ ಮಗಳಿಗೆ ಹಚ್ಚೆ ಬೇಡ ಎಂದಳು.

ಇಂದಿನ ಮಾತು

ಈಗ ಹುಡುಗರು ಮತ್ತೆ ಹಚ್ಚೆಯ ಕಡೆ ಹೊರಳಿದ್ದಾರೆ. ಜಾತ್ರೆಗಳಲ್ಲಿ ಬ್ಯಾಟರಿ ಮಷೀನು ಇಟ್ಟುಕೊಂಡು ಕೂಡುವವರಿದ್ದಾರೆ. ಹೈದರಾಬಾದಿನಲ್ಲಿ ಟ್ಯಾಟೂ ಅಂಗಡಿಗಳಿವೆ. ಇದನ್ನು ಸಂಸ್ಕೃತಿ ಮರಳಿ ಬಂತು ಎಂದು ಖುಷಿ ಪಡುವ ಮುನ್ನ ನಮ್ಮ ಹತ್ತನೇ ತರಗತಿಯ, ಇಂಟರ್‌ಮೀಡಿಯೆಟ್‌ನ ಹುಡುಗರಿಗೆ ಕೆಲವು ಮಾತು ಹೇಳಲೇಬೇಕು.

ಒಬ್ಬರಿಗೆ ಬಳಸಿದ ಸೂಜಿ, ಒಬ್ಬರಿಗೆ ಅದ್ದಿದ ಮಸಿ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. ಜಾತ್ರೆಯ ಧೂಳಿನಲ್ಲಿ ಅದನ್ನು ಪರೀಕ್ಷಿಸುವವರು ಯಾರೂ ಇಲ್ಲ. ಹಚ್ಚೆ ಹಾಕಿಸಿಕೊಂಡವರಿಂದ ಸುಮಾರು ಒಂದು ವರ್ಷ ರಕ್ತದಾನ ತೆಗೆದುಕೊಳ್ಳುವುದಿಲ್ಲ. ಸೈನ್ಯಕ್ಕೆ ಸೇರುವ ಆಸೆ ನಮ್ಮ ಕಡೆಯ ಬಹಳ ಹುಡುಗರಿಗೆ ಇದೆ. ಮುಂದೋಳಿನ ಒಳಮಗ್ಗುಲು, ಅಂಗೈಯ ಹಿಂಭಾಗ ಬಿಟ್ಟು ಬೇರೆ ಕಡೆ ಹಚ್ಚೆ ಇದ್ದರೆ ಸೈನ್ಯದ ಭರ್ತಿಯಲ್ಲಿ ತೊಂದರೆಯಾಗುತ್ತದೆ. ಪರಂಪರೆಯಿಂದ ಹಚ್ಚೆ ಹಾಕಿಸಿಕೊಳ್ಳುವ ಬುಡಕಟ್ಟಿನವರಿಗೆ ಮಾತ್ರ ವಿನಾಯಿತಿ ಇದೆ. ಗೆಳೆಯರ ಮುಂದೆ ಒಂದು ದಿನದ ಜಂಬಕ್ಕೆ ಹಾಕಿಸಿಕೊಂಡದ್ದನ್ನು ತೆಗೆಸಲು ಲೇಸರ್ ಚಿಕಿತ್ಸೆಗೆ ಹಲವು ಸಲ ಹೋಗಬೇಕು, ಸಾವಿರಗಟ್ಟಲೆ ದುಡ್ಡು ಸುರಿಯಬೇಕು.

ಹಾಗಾದರೆ ನಮ್ಮ ಅಭಿಪ್ರಾಯವೇನು? ನಾವು ಸೂಜಿಯನ್ನು ಮರಳಿ ತರಬೇಕು ಎನ್ನುತ್ತಿಲ್ಲ. ದಾಖಲೆಯನ್ನು ಉಳಿಸಬೇಕು ಎನ್ನುತ್ತಿದ್ದೇವೆ. ಇವೆರಡೂ ಬೇರೆ ಬೇರೆ.

ಶಾಲೆಯಲ್ಲಿ ಏನು ಮಾಡಬಹುದು?

ನಮ್ಮ ರಾಜ್ಯದಲ್ಲಿ ಹತ್ತನೇ ತರಗತಿಯ ನಾಮಿನಲ್ ರೋಲ್ ತುಂಬುವಾಗ ಪ್ರತಿ ಮಗುವಿನ ಎರಡು ಗುರುತಿನ ಚಿಹ್ನೆ ಬರೆಯುತ್ತೇವೆ. ಎಡಗೈ ಮೇಲೆ ಮಚ್ಚೆ, ಕುತ್ತಿಗೆಯ ಮೇಲೆ ಮಚ್ಚೆ ಎಂದು. ಮಚ್ಚೆ ಹುಟ್ಟಿನಿಂದ ಬಂದದ್ದು, ಹಚ್ಚೆ ಊರಿನಿಂದ ಬಂದದ್ದು. ಮೊದಲನೆಯದನ್ನು ಪ್ರತಿ ವರ್ಷ ಬರೆದಿಡುವ ನಾವು ಎರಡನೆಯದನ್ನೂ ಒಂದು ಸಲ ಬರೆದಿಡಬಹುದು.

ಖರ್ಚು ಏನೂ ಇಲ್ಲ. ಎಂಟು ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಪ್ರಾಜೆಕ್ಟ್ ಕೆಲಸವಾಗಿ ಕೊಡಬಹುದು. ಮನೆಯ ಅಥವಾ ಓಣಿಯ ಒಬ್ಬ ಹಿರಿಯ ಹೆಣ್ಣುಮಗಳ ಹತ್ತಿರ ಕೂತು ಈ ಪ್ರಶ್ನೆಗಳನ್ನು ಕೇಳಲಿ. ಹಚ್ಚೆ ಹಾಕಿಸಿಕೊಂಡಾಗ ವಯಸ್ಸೆಷ್ಟು? ಯಾವ ಊರು, ಯಾವ ಜಾತ್ರೆ? ಹಾಕಿದವರು ಎಲ್ಲಿಯವರು, ಯಾವ ಭಾಷೆ ಆಡುತ್ತಿದ್ದರು? ಕೂಲಿ ಏನು ಕೊಟ್ಟಿರಿ? ಈ ಚಿತ್ರಕ್ಕೆ ನಿಮ್ಮ ಮಾತಿನಲ್ಲಿ ಏನು ಹೆಸರು? ಯಾರು ಬೇಕೆಂದರು, ಯಾರು ಬೇಡವೆಂದರು? ಆಮೇಲೆ ಆ ಚಿತ್ರವನ್ನು ಕೈಯಲ್ಲೇ ನೋಟ್‌ಬುಕ್ಕಿಗೆ ಬರೆದುಕೊಳ್ಳಲಿ. ಮೊಬೈಲಿನಲ್ಲಿ ಫೋಟೋ ತೆಗೆದರೆ ಒಂದು ನಿಮಿಷದ ಕೆಲಸ, ಕೈಯಿಂದ ಬಿಡಿಸಿದರೆ ಗೆರೆ ಗೆರೆಯನ್ನೂ ನೋಡಬೇಕಾಗುತ್ತದೆ.

ಎರಡು ನಿಯಮ ಮಾತ್ರ ಕಡ್ಡಾಯ. ಒಂದು, ಅಜ್ಜಿ ಒಪ್ಪಿದರೆ ಮಾತ್ರ. ಒಲ್ಲೆ ಎಂದರೆ ಕೈಮುಗಿದು ಎದ್ದು ಬರಬೇಕು. ಮೈಮೇಲಿನ ಗುರುತಿನ ಹಿಂದೆ ಹೇಳಲಾಗದ ದುಃಖವೂ ಇರಬಹುದು. ಎರಡು, ಹಚ್ಚೆ ಹಾಕುತ್ತಿದ್ದ ಮನೆತನದ ಮಗು ತರಗತಿಯಲ್ಲಿ ಇದ್ದರೆ ಅದರ ಅಜ್ಜಿಯನ್ನು ಶಾಲೆಗೆ ಕರೆಸಬೇಕು. ಹೊಸ್ತಿಲ ಹೊರಗೆ ಕೂತಿದ್ದವರನ್ನು ತರಗತಿಯೊಳಗೆ ಕುರ್ಚಿ ಹಾಕಿ ಕೂರಿಸಬೇಕು. ಮಸಿ ಹೇಗೆ ಮಾಡುತ್ತಿದ್ದರು, ಯಾವ ಹಾಡು ಹಾಡುತ್ತಿದ್ದರು ಎಂದು ಅವರ ಬಾಯಿಂದಲೇ ಮಕ್ಕಳು ಕೇಳಬೇಕು. ಥರ್ಸ್ಟನ್ ಬರೆದದ್ದಕ್ಕಿಂತ ಅದು ದೊಡ್ಡ ಪಾಠವಾಗುತ್ತದೆ.

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಥ ಒಂದೊಂದು ನೋಟ್‌ಬುಕ್ಕು ತಯಾರಾದರೂ ಸಾಕು. ನಾರಾಯಣಪೇಟೆಯ ಮಗು ಬರೆದದ್ದನ್ನು ಗದ್ವಾಲದ ಮಗು ನೋಡಲಿ, ಮಕ್ತಲ್ ಮಗು ಬರೆದದ್ದನ್ನು ರಾಯಚೂರಿನ ಮಗು ನೋಡಲಿ. ಚೇಳಿನ ಬಾಲ ಎಲ್ಲಿ ಎಡಕ್ಕೆ ತಿರುಗಿದೆ, ಎಲ್ಲಿ ಬಲಕ್ಕೆ ತಿರುಗಿದೆ ಎಂದು ಹೋಲಿಸಲಿ. ಹೊಸ ತಲೆಮಾರಿನ ಸಂಶೋಧಕರು ಮುಂದೆ ಎಂದಾದರೂ ಹುಡುಕಿಕೊಂಡು ಬಂದಾಗ ತೋರಿಸಲು ನಮ್ಮ ಹತ್ತಿರ ಒಂದು ಕಪಾಟು ಇರಲಿ.

ಶಿಕ್ಷಕ ಮಿತ್ರರೇ, ಈ ಬೇಸಿಗೆ ರಜೆಗೆ ಮನೆಗೆಲಸ ಕೊಡುವಾಗ ಮಗ್ಗಿಯ ಜೊತೆಗೆ ಇದನ್ನೂ ಒಂದು ಕೊಡಿ. ಹಚ್ಚೆ ಹಾಕಿಸಿಕೊಂಡವರ ಸಂಖ್ಯೆ ಪ್ರತಿ ವರ್ಷ ನಮ್ಮ ಊರುಗಳಲ್ಲಿ ಕಡಿಮೆಯಾಗುತ್ತಿದೆ.